ನವೋದಯ: ಆಯ್ಕೆಯೂ ಸಮಾನತೆಯೂ

ಗಡಿನಾಡಿನ ಹಳ್ಳಿಯ ಮಗುವೊಂದಕ್ಕೆ ನವೋದಯ ವಿದ್ಯಾಲಯದಲ್ಲಿ ಪ್ರವೇಶ ದೊರೆತಾಗ ಊರಿಗೆ ಊರೇ ಹಿಗ್ಗುವುದನ್ನು ನಾವು ಕಂಡಿದ್ದೇವೆ. ಆ ಹಿಗ್ಗು ಸಹಜವಾದುದೇ. ಆದರೆ ಮಕ್ಕಳನ್ನು ಆಯ್ದು ಕಲಿಸುವ ಈ ಪದ್ಧತಿ ಹೇಗೆ ಬಂದಿತು, ಅದರೊಡನೆ ಕೊಟ್ಟ ಇನ್ನೊಂದು ಮಾತು ಯಾವುದು ಎಂಬುದನ್ನೂ ಸ್ಮರಿಸುವುದು ಉಚಿತ.

1964-66ರ ಕೊಠಾರಿ ಆಯೋಗವು ಬಡವ ಬಲ್ಲಿದರ ಮಕ್ಕಳೆಲ್ಲ ನೆರೆಹೊರೆಯ ಒಂದೇ ಶಾಲೆಯಲ್ಲಿ ಕಲಿಯಬೇಕೆಂದು ಶಿಫಾರಸು ಮಾಡಿತ್ತು. ಅದು ಕೈಗೂಡಲಿಲ್ಲ, ಉಳ್ಳವರು ಪಟ್ಟಣದ ಖಾಸಗಿ ಶಾಲೆಗಳನ್ನು ಅರಸಿಕೊಂಡರು. 1971ರಲ್ಲಿ ಪಿ.ವಿ. ನರಸಿಂಹರಾಯರ ಆಸಕ್ತಿಯಿಂದ ನಲ್ಗೊಂಡ ಜಿಲ್ಲೆಯ ಸರ್ವೇಲಿನಲ್ಲಿ ಗ್ರಾಮೀಣ ಪ್ರತಿಭಾವಂತರಿಗಾಗಿ ವಸತಿ ಶಾಲೆಯೊಂದು ಆರಂಭವಾಯಿತು. ಮುಂದೆ ರಾಜೀವ ಗಾಂಧಿಯವರ ಸರ್ಕಾರದಲ್ಲಿ ಅವರೇ ಮಾನವ ಸಂಪನ್ಮೂಲ ಸಚಿವರಾದರು. 1985-86ರಲ್ಲಿ ಝಜ್ಜರ್ ಮತ್ತು ಅಮರಾವತಿಗಳಲ್ಲಿ ಮೊದಲ ಎರಡು ನವೋದಯಗಳು ತೆರೆದವು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಆಶ್ರಯದಲ್ಲಿ ಅವು ಜಿಲ್ಲೆಗೊಂದರಂತೆ ಹರಡಿದವು.

ನಿಯಮಗಳಲ್ಲಿ ನ್ಯಾಯದ ಕಾಳಜಿ ಸ್ಪಷ್ಟವಾಗಿದೆ. ಶೇ. 75ರಷ್ಟಾದರೂ ಸ್ಥಾನಗಳು ಹಳ್ಳಿಯ ಮಕ್ಕಳಿಗೆ. ಮೂರನೆಯ ಒಂದು ಭಾಗ ಹೆಣ್ಣುಮಕ್ಕಳಿಗೆ. ಪರಿಶಿಷ್ಟ ಜಾತಿ, ಪಂಗಡಗಳಿಗೆ ಜನಸಂಖ್ಯೆಗೆ ತಕ್ಕ ಮೀಸಲು. ಊಟ, ವಸತಿ, ಪುಸ್ತಕ ಉಚಿತ. ಪ್ರವೇಶ ಪರೀಕ್ಷೆಯನ್ನು ಪ್ರಾದೇಶಿಕ ಭಾಷೆಯಲ್ಲಿಯೂ ಬರೆಯಬಹುದು. ಆದರೆ ಆರನೆಯ ತರಗತಿಗೆ ಸೇರುವವರು ಶಾಲೆಗೆ ಹೆಚ್ಚೆಂದರೆ 80 ಮಂದಿ. ಪರೀಕ್ಷೆಗೆ ಕೂರುವ ಅವಕಾಶ ಒಂದೇ ಸಲ.

ಕಾಸರಗೋಡಿನವರಿಗೆ ಪೆರಿಯ, ವಯನಾಡಿನವರಿಗೆ ಲಕ್ಕಿಡಿ, ಮಡಕಶಿರಾ ಸೀಮೆಯವರಿಗೆ ಲೇಪಾಕ್ಷಿ, ಆದವಾನಿಯವರಿಗೆ ಕರ್ನೂಲು ಜಿಲ್ಲೆಯ ಬನವಾಸಿ ಹೀಗೆ ದೊರೆತವು. ತ್ರಿಭಾಷಾ ಸೂತ್ರವನ್ನೊಪ್ಪದ ತಮಿಳುನಾಡು ದಶಕಗಳ ಕಾಲ ಇವನ್ನು ಬರಮಾಡಿಕೊಳ್ಳಲಿಲ್ಲ. ಹೊಸೂರು, ತಾಳವಾಡಿ, ನೀಲಗಿರಿಯ ನಮ್ಮ ಮಕ್ಕಳಿಗೆ ಆ ಬಾಗಿಲೇ ಇರಲಿಲ್ಲ.

ಅದೇ 1986ರ ನೀತಿ ಇನ್ನೊಂದು ಮಾತನ್ನೂ ಕೊಟ್ಟಿತ್ತು. 'ಆಪರೇಷನ್ ಬ್ಲ್ಯಾಕ್‌ಬೋರ್ಡ್' ಎಂಬ ಆ ಯೋಜನೆಯಂತೆ ಪ್ರತಿಯೊಂದು ಪ್ರಾಥಮಿಕ ಶಾಲೆಗೂ ಮಳೆಗಾಲದಲ್ಲಿಯೂ ಬಳಸಬಹುದಾದ ಎರಡು ಕೊಠಡಿ, ಕನಿಷ್ಠ ಇಬ್ಬರು ಶಿಕ್ಷಕರು, ಅವಶ್ಯ ಪಾಠೋಪಕರಣಗಳು ದೊರೆಯಬೇಕಿತ್ತು. ಆಯ್ದ ಕೆಲವರಿಗೆ ಒಂದು ಮಾತು, ಎಲ್ಲರಿಗೂ ಒಂದು ಮಾತು. ಮೊದಲನೆಯದನ್ನು ನಾವೆಲ್ಲ ಬಲ್ಲೆವು. ಎರಡನೆಯದರ ಹೆಸರನ್ನು ಇಂದು ನೆನೆಯುವವರು ವಿರಳ. ಹತ್ತರ ಪ್ರಾಯದ ಮಗು ಪರೀಕ್ಷೆಯಲ್ಲಿ ತೋರುವುದು ತನ್ನ ಬುದ್ಧಿಯನ್ನಷ್ಟೇ ಏನು? ಅದುವರೆಗೆ ತನಗೆ ದೊರೆತ ಶಾಲೆಯನ್ನೂ ಅದು ತೋರುತ್ತದೆ.

ನಮ್ಮ ತಪ್ಪನ್ನೂ ಇಲ್ಲಿ ಒಪ್ಪಿಕೊಳ್ಳಬೇಕು. ಅರ್ಜಿ ತುಂಬುವ ಕಾಲಕ್ಕೆ ನಾವು ಕರೆಯುತ್ತಿದ್ದುದು ಜಾಣರೆಂದು ನಮಗೆ ತೋರಿದ ಇಬ್ಬರು ಮೂವರನ್ನು. ಸಂಜೆ ಉಳಿಸಿಕೊಂಡು ಅಭ್ಯಾಸ ಮಾಡಿಸುತ್ತಿದ್ದುದೂ ಅವರಿಗೇ. ಹಿಂದಿನ ಸಾಲಿನ ಮಕ್ಕಳಿಗೆ ಅಂಥದೊಂದು ಪರೀಕ್ಷೆಯಿದೆಯೆಂಬುದೇ ತಿಳಿದಿರಲಿಲ್ಲ. ಆಯ್ಕೆ ಪರೀಕ್ಷೆಗೆ ಮೊದಲೇ ನಮ್ಮ ಮೇಜಿನ ಮೇಲೆ ಮುಗಿದುಹೋಗುತ್ತಿತ್ತು. ಒಬ್ಬನಿಗೆ ಸ್ಥಾನ ದೊರೆತರೆ ಶಾಲೆಗೆ ಕೀರ್ತಿ ಬಂದಿತೆಂದು ತೃಪ್ತರಾದೆವು. ಉಳಿದವರ ಲೆಕ್ಕವನ್ನು ಯಾರೂ ಕೇಳಲಿಲ್ಲ, ನಾವೂ ಕೇಳಿಕೊಳ್ಳಲಿಲ್ಲ.

ನವೋದಯಗಳು ಬೇಡವೆಂದು ನಾವು ಹೇಳೆವು. ಅವುಗಳಿಂದ ಬದುಕು ಕಟ್ಟಿಕೊಂಡವರು ಈ ಸಭೆಯಲ್ಲಿಯೂ ಇರಬಹುದು. ಸಂಘದ ಬಂಧುಗಳಲ್ಲಿ ನಮ್ಮ ವಿನಂತಿ ಎರಡೇ. ನವೋದಯವಿರುವೆಡೆಯಲ್ಲೆಲ್ಲ ನಮ್ಮ ಕನ್ನಡ ಶಾಲೆಗಳ ಐದನೆಯ ತರಗತಿಯ ಪ್ರತಿ ಮಗುವಿನ ಕೈಗೂ ಆ ಅರ್ಜಿ ತಲುಪಲಿ. ಆಯ್ಕೆಯಾಗದೆ ಮರಳುವ ಮಗುವಿಗಾಗಿ ಊರಿನ ಶಾಲೆ ತೆರೆದಿರಲಿ, ಅಲ್ಲಿ ಕಲಿಸುವವರಿರಲಿ.