ಡೈರಿ ಸಿನಿಮಾ

ನಿರ್ದೇಶಕರು ತಮ್ಮ ಮನೆಮಂದಿ, ಗೆಳೆಯರು, ನೆನಪುಗಳನ್ನೇ ವಸ್ತುವಾಗಿಸಿಕೊಂಡು, ನಿರ್ಮಾಪಕರ ಹಂಗಿಲ್ಲದೆ, ಹೆಚ್ಚಾಗಿ ತಾವೇ ಚಿತ್ರೀಕರಿಸಿ ಸಂಕಲಿಸುವ ಸಾಕ್ಷ್ಯಚಿತ್ರ ಅಥವಾ ಪ್ರಾಯೋಗಿಕ ಚಿತ್ರ. ಇದರ ಮುನ್ಸೂಚನೆಯೆಂಬಂತೆ ಅಮೆರಿಕದ ನಿರ್ದೇಶಕಿ ಮಾಯಾ ಡೆರೆನ್ 1943ರಲ್ಲಿ ಪತಿ ಅಲೆಕ್ಸಾಂಡರ್ ಹಮಿದ್ ಜೊತೆಗೂಡಿ ಲಾಸ್ ಏಂಜಲೀಸ್‌ನ ತಮ್ಮ ಮನೆಯಲ್ಲೇ ‘ಮೆಷಸ್ ಆಫ್ ದಿ ಆಫ್ಟರ್‌ನೂನ್’ ತೆಗೆದರು. ತೋರಿಸುವವರು ಸಿಗದಾಗ 1946ರಲ್ಲಿ ನ್ಯೂಯಾರ್ಕಿನ ಒಂದು ರಂಗಮಂದಿರವನ್ನು ಬಾಡಿಗೆಗೆ ಹಿಡಿದು ತಾವೇ ಪ್ರದರ್ಶಿಸಿದರು.

ಈ ಪ್ರಕಾರಕ್ಕೆ ನಿಜವಾದ ರೂಪ ಕೊಟ್ಟವರು ಜೋನಾಸ್ ಮೆಕಾಸ್ (1922–2019). ಲಿಥುವೇನಿಯಾದ ಹಳ್ಳಿಯಿಂದ 1944ರಲ್ಲಿ ತಮ್ಮನೊಂದಿಗೆ ಹೊರಟು, ನಾಜಿಗಳ ದುಡಿಮೆ ಶಿಬಿರ, ಆಮೇಲೆ ನಿರಾಶ್ರಿತರ ಶಿಬಿರಗಳನ್ನು ಹಾದು, 1949ರಲ್ಲಿ ನ್ಯೂಯಾರ್ಕ್ ಸೇರಿದರು. ಬಂದ ಹೊಸದರಲ್ಲೇ 16 ಎಂ.ಎಂ. ಬೋಲೆಕ್ಸ್ ಕ್ಯಾಮೆರಾ ಕೊಂಡರು. ಕೀಲಿ ಕೊಟ್ಟು ಓಡಿಸುವ ಆ ಯಂತ್ರ ಒಮ್ಮೆ ಕೊಟ್ಟ ಕೀಲಿಗೆ ಅರ್ಧ ನಿಮಿಷವೂ ಓಡದು. ನೂರು ಅಡಿಯ ರೀಲು ಮೂರು ನಿಮಿಷಕ್ಕೆ ಮೊದಲೇ ಮುಗಿಯುತ್ತದೆ. ಮಾತು ಜೊತೆಯಲ್ಲೇ ದಾಖಲಾಗದು. ಮೆಕಾಸರ ಶೈಲಿಯಲ್ಲಿ ಅರ್ಧ ಪಾಲು ಈ ಮಿತಿಗಳದೇ. ಚೂರುಪಾರು ದೃಶ್ಯಗಳು, ಒಂದೊಂದೇ ಚೌಕಟ್ಟಿನ ನೆಗೆತ, ವರ್ಷಗಳ ಮೇಲೆ ಕೂಡಿಸಿದ ಅವರದೇ ದನಿ. 1971ರಲ್ಲಿ ಊರಿಗೆ ಮರಳಿದ ಅವರು ‘ರೆಮಿನಿಸೆನ್ಸಸ್ ಆಫ್ ಎ ಜರ್ನಿ ಟು ಲಿಥುವೇನಿಯಾ’ (1972) ತೆಗೆದರು. ಅಂಗಳದಲ್ಲಿ ಬೆಂಕಿ ಹಚ್ಚಿ ಅಡುಗೆ ಮಾಡುವ ಮುದಿ ತಾಯಿಯನ್ನು ಅದರಲ್ಲಿ ಕಾಣಬಹುದು. ವಿತರಣೆಗೆಂದು 1962ರಲ್ಲಿ ಗೆಳೆಯರೊಂದಿಗೆ ಅವರು ಕಟ್ಟಿದ ಸಹಕಾರಿ ಸಂಸ್ಥೆ ಯಾವ ಚಿತ್ರವನ್ನೂ ಆರಿಸುವುದಿಲ್ಲ, ತಿರಸ್ಕರಿಸುವುದೂ ಇಲ್ಲ. ಈ ಪ್ರಕಾರ ಬದುಕುಳಿಯಲು ಕ್ಯಾಮೆರಾದಷ್ಟೇ ಇದೂ ಕಾರಣ.

ಮನೆಯೊಳಗೆ ಕ್ಯಾಮೆರಾ ಬಂದರೆ ಉಳಿದವರ ಒಪ್ಪಿಗೆಯ ಪ್ರಶ್ನೆಯೂ ಬರುತ್ತದೆ. ಸ್ಟಾನ್ ಬ್ರಾಕೇಜ್ ಹೆಂಡತಿಯ ಹೆರಿಗೆಯನ್ನೇ ಚಿತ್ರೀಕರಿಸಿದಾಗ (1959), ಆಕೆಯೂ ಕ್ಯಾಮೆರಾ ಹಿಡಿದು ಗಂಡನ ಮುಖವನ್ನು ಸೆರೆಹಿಡಿದರು. ಎಡ್ ಪಿಂಕಸ್ 1971ರಿಂದ ಐದು ವರ್ಷ ತಮ್ಮ ದಾಂಪತ್ಯವನ್ನು ಧ್ವನಿಸಹಿತ ಚಿತ್ರೀಕರಿಸಿದರು. ಹೆಂಡತಿಯ ಅಸಮಾಧಾನವೂ ಅದರಲ್ಲಿದೆ. ಜಪಾನಿನ ಕಜುಒ ಹಾರಾ ತಮ್ಮನ್ನು ಬಿಟ್ಟುಹೋದ ಸಂಗಾತಿಯ ಹಿಂದೆ ಒಕಿನಾವಾವರೆಗೂ ಕ್ಯಾಮೆರಾ ಒಯ್ದರು (1974). ಅದು ಧೈರ್ಯವೋ ಪೀಡೆಯೋ ಎಂಬ ತಕರಾರು ಇನ್ನೂ ಮುಗಿದಿಲ್ಲ.

ವಿಡಿಯೊ, ಕಂಪ್ಯೂಟರು ಬಂದ ಮೇಲೆ ಖರ್ಚು ಕುಸಿಯಿತೆಂಬುದು ಅರ್ಧಸತ್ಯ. ಜೊನಾಥನ್ ಕೌಎಟ್ ತಮ್ಮ ‘ಟಾರ್ನೇಶನ್’ (2003) ಚಿತ್ರವನ್ನು 218 ಡಾಲರಿಗೆ ಮುಗಿಸಿದರೆಂಬುದು ಸುದ್ದಿಯಾಯಿತು. ಆದರೆ ಬಿಡುಗಡೆಗೆ ಮುನ್ನ ಸಂಗೀತ ಮತ್ತಿತರ ಹಕ್ಕುಗಳಿಗೆ ಲಕ್ಷಗಟ್ಟಲೆ ಡಾಲರ್ ಬೇಕಾಯಿತು.

ಭಾರತದಲ್ಲಿ ಪ್ರಾಯೋಗಿಕ ಸಿನಿಮಾಕ್ಕೆ ಮೊದಲು ಜಾಗ ಸಿಕ್ಕಿದ್ದು, ವಿಚಿತ್ರವೆಂದರೆ, ಸರ್ಕಾರದ ಫಿಲ್ಮ್ಸ್ ಡಿವಿಜನ್‌ನಲ್ಲೇ: ಪ್ರಮೋದ್ ಪತಿಯವರ ‘ಎಕ್ಸ್‌ಪ್ಲೋರರ್’ (1968) ಅಲ್ಲಿ ತಯಾರಾದದ್ದು. ಬೆಂಗಳೂರಿನ ಕಲಾವಿದೆ ಆಯಿಷಾ ಅಬ್ರಹಾಂ ಬೇರೆ ದಾರಿ ಹಿಡಿದರು. ಹವ್ಯಾಸಿಗಳು ಮನೆಯಲ್ಲಿ ತೆಗೆದಿಟ್ಟಿದ್ದ ಹಳೆಯ ರೀಲುಗಳನ್ನು ಹುಡುಕಿ, ಬೆಂಗಳೂರಿನ ಆಂಗ್ಲೋ-ಇಂಡಿಯನ್ ಹವ್ಯಾಸಿ ಟಾಮ್ ಡಿ’ಅಗ್ಯಾರ್ ಕುರಿತು ‘ಸ್ಟ್ರೇಟ್ 8’, ನರ್ತಕ ರಾಮ್ ಗೋಪಾಲ್ ಕುರಿತು ‘ಐ ಸಾ ಎ ಗಾಡ್ ಡಾನ್ಸ್’ ಚಿತ್ರಗಳನ್ನು ಕಟ್ಟಿದರು. ಪಾಯಲ್ ಕಪಾಡಿಯಾ ‘ಎ ನೈಟ್ ಆಫ್ ನೋಯಿಂಗ್ ನಥಿಂಗ್’ನಲ್ಲಿ ಕಲ್ಪಿತ ಪ್ರೇಮಪತ್ರಗಳನ್ನು ವಿದ್ಯಾರ್ಥಿ ಚಳವಳಿಯ ದೃಶ್ಯಗಳ ಜೊತೆ ಹೆಣೆದರು, 2021ರಲ್ಲಿ ಕಾನ್ ಚಿತ್ರೋತ್ಸವದ ಸಾಕ್ಷ್ಯಚಿತ್ರ ಪ್ರಶಸ್ತಿ ಅದಕ್ಕೆ ಸಂದಿತು.