ಆಕಾಶದಲ್ಲಿ ತಪ್ಪಿದ ಮಾತು

ಸಂಡೂರು ತಾಲ್ಲೂಕಿನ ತೋರಣಗಲ್ಲಿನಲ್ಲಿ ವಿದ್ಯಾನಗರ ವಿಮಾನ ನಿಲ್ದಾಣವಿದೆ. ಹಂಪಿ ನೋಡಲು ವಿಮಾನದಲ್ಲಿ ಬಂದವರು ಅಲ್ಲಿ ಇಳಿದು ಹೊಸಪೇಟೆಯತ್ತ ಸಾಗುತ್ತಾರೆ. ಇಳಿಯುವ ಮೊದಲು ವೈಮಾನಿಕರು ನೆಲದವರೊಡನೆ ರೇಡಿಯೋದಲ್ಲಿ ಮಾತನಾಡಬೇಕು. ನೀವು ಹೊಸಪೇಟೆ ಆಕಾಶವಾಣಿ ಕೇಳುವ ಎಫ್.ಎಂ. ಪಟ್ಟಿ 108 ಮೆಗಾಹರ್ಟ್ಸ್‌ಗೆ ಮುಗಿಯುತ್ತದಷ್ಟೆ. ಅದರ ತುಸು ಮೇಲೆ, 118ರಿಂದ 137 ಮೆಗಾಹರ್ಟ್ಸ್ ನಡುವೆ, ಈ ಸಂಭಾಷಣೆ ನಡೆಯುತ್ತದೆ, ಆದರೆ ಎ.ಎಂ. ವಿಧಾನದಲ್ಲಿ.

ಧ್ವನಿ ಸ್ವಚ್ಛವಾಗಿರುವ ಎಫ್.ಎಂ. ಏಕೆ ಬೇಡ? ಹಳೆಯ ಉಪಕರಣಗಳೊಡನೆ ಹೊಂದಿಕೆ ಒಂದು ಕಾರಣ. ಇನ್ನೊಂದು ಸ್ವಾರಸ್ಯಕರ. ಒಂದೇ ಆವೃತ್ತಿಯಲ್ಲಿ ಇಬ್ಬರು ಒಟ್ಟಿಗೆ ಮಾತನಾಡಿದರೆ ಎಫ್.ಎಂ. ಗ್ರಾಹಕವು ಪ್ರಬಲ ಸಂಕೇತವನ್ನು ಹಿಡಿದು ದುರ್ಬಲವಾದುದನ್ನು ಅಡಗಿಸಿಬಿಡುತ್ತದೆ. ಎ.ಎಂ.ನಲ್ಲಿ ಎರಡು ವಾಹಕ ತರಂಗಗಳು ಸೇರಿ, ಅವುಗಳ ಆವೃತ್ತಿಗಳ ವ್ಯತ್ಯಾಸಕ್ಕೆ ಸಮನಾದ ಸಿಳ್ಳೆ ಕೇಳಿಸುತ್ತದೆ. ಶ್ರುತಿಕವೆಗಳಿಂದ ತರಗತಿಯಲ್ಲಿ ತೋರಿಸುವ ವಿಸ್ಪಂದಗಳ ತತ್ತ್ವವೇ ಇದು. ಮಾತು ಕೆಟ್ಟಿತೆಂಬುದಾದರೂ ಗೊತ್ತಾಗುತ್ತದೆ.

ಆ ಸಿಳ್ಳೆ ಕೇಳಿಯೂ ಪ್ರಯೋಜನವಾಗದ ದಿನ 1977ರ ಮಾರ್ಚ್ 27. ಸ್ಪೇನಿನ ಟೆನೆರಿಫ್ ದ್ವೀಪದ ನಿಲ್ದಾಣದಲ್ಲಿ ದಟ್ಟ ಮಂಜು. ಕೆ.ಎಲ್.ಎಂ. ಸಂಸ್ಥೆಯ ಬೋಯಿಂಗ್ 747 ಓಡುಹಾದಿಯ ತುದಿಯಲ್ಲಿತ್ತು. ಪ್ಯಾನ್ ಆಮ್‌ನ ಇನ್ನೊಂದು 747 ಅದೇ ಹಾದಿಯಲ್ಲಿ ಎದುರಿನಿಂದ ಬರುತ್ತಿತ್ತು. ಹಾರಿದ ಮೇಲೆ ಹಿಡಿಯಬೇಕಾದ ಮಾರ್ಗವನ್ನಷ್ಟೇ ಗೋಪುರ ತಿಳಿಸಿತ್ತು. ಕೆ.ಎಲ್.ಎಂ. ಸಹವೈಮಾನಿಕ ಅದನ್ನು ಮರುನುಡಿದು, ತಾವೀಗ ‘ಟೇಕಾಫ್‌ನಲ್ಲಿ’ ಇರುವುದಾಗಿ ಹೇಳಿದ. ಸಿದ್ಧರಾಗಿ ನಿಂತಿದ್ದಾರೆಂದು ನಿಯಂತ್ರಕ ತಿಳಿದ. ವಿಮಾನ ಆಗಲೇ ಓಡತೊಡಗಿತ್ತು. ನಿಯಂತ್ರಕ ‘ಓಕೆ’ ಎಂದು ಕ್ಷಣ ತಡೆದು, ಕಾಯುವಂತೆ ಹೇಳಿದ. ಅದೇ ಕ್ಷಣದಲ್ಲಿ ಪ್ಯಾನ್ ಆಮ್‌ನವರೂ ತಾವಿನ್ನೂ ಹಾದಿಯಲ್ಲೇ ಇದ್ದೇವೆಂದರು. ಕೆ.ಎಲ್.ಎಂ.ಗೆ ಸ್ಪಷ್ಟವಾಗಿ ಕೇಳಿಸಿದ್ದು ಆ ‘ಓಕೆ’ ಒಂದೇ. ಉಳಿದದ್ದರ ಮೇಲೆ ಸಿಳ್ಳೆ. 583 ಮಂದಿ ಸತ್ತರು.

ಈಗ ‘ಟೇಕಾಫ್’ ಎಂಬ ಪದವನ್ನು ಹಾರಲು ಅನುಮತಿ ಕೊಡುವಾಗ ಅಥವಾ ರದ್ದುಮಾಡುವಾಗ ಮಾತ್ರ ಬಳಸುತ್ತಾರೆ. ಅನುಮತಿ ಪಡೆದವರು ಅದನ್ನು ಪೂರ್ತಿ ಮರುನುಡಿಯಬೇಕು. ಬರಿಯ ‘ಓಕೆ’ ಸಾಲದು. ಅಂಕಿಗಳನ್ನೂ ಬಿಡಿಬಿಡಿಯಾಗಿ ಹೇಳುತ್ತಾರೆ. ಫೋನಿನಲ್ಲಿ ‘ಇಪ್ಪತ್ತು’ ‘ಎಪ್ಪತ್ತು’ ಆಗುವುದನ್ನು ಕಂಪ್ಲಿಯ ಅಕ್ಕಿ ವ್ಯಾಪಾರಿಗಳಿಗೆ ಹೇಳಿಕೊಡಬೇಕಿಲ್ಲ. ಇಂಗ್ಲಿಷಿನ ‘ನೈನ್’ ‘ಫೈವ್’ ಎಂದು ಕೇಳಿಸದಿರಲೆಂದು ವೈಮಾನಿಕರು ‘ನೈನರ್’ ಎನ್ನುತ್ತಾರೆ.

ಇಷ್ಟಾದರೂ 1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಸೌದಿ ಮತ್ತು ಕಜಕ್‌ಸ್ತಾನದ ವಿಮಾನಗಳು ಡಿಕ್ಕಿಯಾಗಿ 349 ಮಂದಿ ಸತ್ತರು. ಕಜಕ್ ವಿಮಾನಕ್ಕೆ 15,000 ಅಡಿ, ಸೌದಿಯದಕ್ಕೆ 14,000 ಅಡಿ ಎತ್ತರ ಗೊತ್ತುಮಾಡಲಾಗಿತ್ತು. ಎದುರಿನಿಂದ ವಿಮಾನ ಬರುತ್ತಿರುವುದನ್ನು ಗೋಪುರ ತಿಳಿಸಿಯೂ ಇತ್ತು. ಕಜಕ್ ವಿಮಾನ ತನ್ನ ಮಟ್ಟದಿಂದ ಕೆಳಗಿಳಿಯಿತೆಂದು ನ್ಯಾಯಮೂರ್ತಿ ಲಾಹೋಟಿ ಆಯೋಗ ಕಂಡುಕೊಂಡಿತು. ಅಲ್ಲಿ ರೇಡಿಯೋದಲ್ಲಿ ಮಾತನಾಡುತ್ತಿದ್ದವನು ಒಬ್ಬ, ವಿಮಾನ ನಡೆಸುತ್ತಿದ್ದವನು ಇನ್ನೊಬ್ಬ. ಆಗ ದೆಹಲಿಯ ಪ್ರಾಥಮಿಕ ರೇಡಾರ್ ವಿಮಾನದ ಎತ್ತರವನ್ನು ತೋರಿಸುತ್ತಿರಲಿಲ್ಲ. ನಿಯಂತ್ರಕನಿಗೆ ಎತ್ತರ ತಿಳಿಯಲು ಇದ್ದ ದಾರಿ ಬಾಯಿಮಾತೊಂದೇ. ಡಿಕ್ಕಿ ತಪ್ಪಿಸುವ ಸಾಧನ ಭಾರತದಲ್ಲಿ ಕಡ್ಡಾಯವಾದದ್ದು ಇದರ ನಂತರ.

ನಮ್ಮ ಬೆಂಗಳೂರಿನಲ್ಲೂ 2022ರ ಜನವರಿಯಲ್ಲಿ ಇಂಡಿಗೋದ ಎರಡು ವಿಮಾನಗಳು ಅಕ್ಕಪಕ್ಕದ ಓಡುಹಾದಿಗಳಿಂದ ಹೆಚ್ಚುಕಡಿಮೆ ಒಟ್ಟಿಗೆ ಹಾರಿ ಅಪಾಯಕರವಾಗಿ ಸಮೀಪಿಸಿದವು. ಇಲ್ಲಿ ವೈಮಾನಿಕರ ಮಾತು ತಪ್ಪಿರಲಿಲ್ಲ. ದಕ್ಷಿಣದ ಓಡುಹಾದಿಯನ್ನು ಬಳಸುವುದಿಲ್ಲವೆಂಬ ನಿರ್ಧಾರವೇ ಅದರ ನಿಯಂತ್ರಕರಿಗೆ ತಲುಪಿರಲಿಲ್ಲ. ತಲುಪದ ಮಾತನ್ನು ಮರುನುಡಿಯುವವರಾರು? ರೇಡಾರ್ ಪರದೆಯಲ್ಲಿ ಇದನ್ನು ಕಂಡ ಇನ್ನೊಬ್ಬ ನಿಯಂತ್ರಕರು ಬೇರೆ ದಿಕ್ಕಿಗೆ ತಿರುಗುವಂತೆ ಹೇಳಿ ಅವುಗಳನ್ನು ದೂರಮಾಡಿದರು.