ಒಂಟಿ ಗಿಟಾರಿನ ಗದ್ದಲ

ಲೀಡ್ ನುಡಿಸಲು ಒಬ್ಬ, ರಿದಮ್ ಹಿಡಿಯಲು ಇನ್ನೊಬ್ಬ. ಅನೇಕ ರಾಕ್ ತಂಡಗಳು ಹೀಗೆ ಕೆಲಸ ಹಂಚಿಕೊಂಡಿದ್ದ ಹೊತ್ತಿನಲ್ಲಿ, 1974ರಲ್ಲಿ, ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ರಮೋನ್ಸ್ ತಂಡ ಹುಟ್ಟಿತು. ಅಲ್ಲಿ ಗಿಟಾರ್ ಉಳಿದದ್ದು ಜಾನಿ ರಮೋನ್ ಒಬ್ಬನ ಪಾಲಿಗೆ. ಸೋಲೋ ಬಾರಿಸುವ ಗೋಜಿಗೆ ಅವನು ಹೋದದ್ದು ಬಲು ಅಪರೂಪ.

ಅವನ ಗುಟ್ಟೆಲ್ಲ ಬಲಗೈಯಲ್ಲಿತ್ತು. ಸಾಮಾನ್ಯವಾಗಿ ತಂತಿ ಮೀಟುವ ಪಿಕ್ ಮೇಲೆ ಕೆಳಗೆ ಓಡಾಡುತ್ತದೆ. ಜಾನಿಯದು ಬರೀ ಕೆಳಮುಖದ ಪೆಟ್ಟು. ಮೇಲ್ಮುಖದ ಪೆಟ್ಟಿಗೆ ಮೊದಲು ಸಿಗುವುದು ತೆಳು ತಂತಿಗಳು, ಹಾಗಾಗಿ ನಾದ ಸೊರಗುತ್ತದೆ. ಕೆಳಗಿಳಿಯುವ ಪಿಕ್ ದಪ್ಪ ತಂತಿಗಳಿಂದಲೇ ಶುರು ಮಾಡುತ್ತದೆ. ‘ಬ್ಲಿಟ್ಸ್‌ಕ್ರೀಗ್ ಬಾಪ್’ ಹಾಡಿನಲ್ಲಿ ಸೆಕೆಂಡಿಗೆ ಆರರ ಆಸುಪಾಸು ಪೆಟ್ಟುಗಳು. ಎಡಗೈ ಬೆರಳುಗಳಿಗೆ ಬಾರ್ ಕಾರ್ಡ್‌ಗಳ ಒಂದೇ ಪಟ್ಟು: ತೋರುಬೆರಳನ್ನು ತಂತಿಗಳಿಗೆ ಅಡ್ಡಲಾಗಿ ಒತ್ತಿ, ಅದೇ ಆಕಾರವನ್ನು ಫ್ರೆಟ್‌ನಿಂದ ಫ್ರೆಟ್‌ಗೆ ಜಾರಿಸಿದರಾಯಿತು. ಸುಲಭವೆಂದುಕೊಂಡು ಕೈಹಾಕಿದವರ ಮಣಿಕಟ್ಟು ಒಂದು ಹಾಡು ಮುಗಿಯುವಷ್ಟರಲ್ಲೇ ಸೋಲುತ್ತದೆ.

1976ರ ಏಪ್ರಿಲ್‌ನಲ್ಲಿ ಬಂದ ರಮೋನ್ಸ್‌ನ ಮೊದಲ ಆಲ್ಬಮ್‌ನಲ್ಲಿ 14 ಹಾಡು, ಒಟ್ಟು ಅರ್ಧ ಗಂಟೆಯೂ ಇಲ್ಲ. ಅದರ ಸ್ಟೀರಿಯೋದಲ್ಲಿ ಗಿಟಾರ್ ಒಂದು ಸ್ಪೀಕರಿಗೆ, ಬೇಸ್ ಇನ್ನೊಂದಕ್ಕೆ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಮೇಷ್ಟ್ರು ಬೇಕೆ? ಬ್ಯಾಲೆನ್ಸ್ ಗುಬುಟನ್ನು ಒಂದು ಕಡೆಗೆ ತಿರುಗಿಸಿದರೆ ಗಿಟಾರ್ ಪಾಠ, ಮತ್ತೊಂದು ಕಡೆಗೆ ತಿರುಗಿಸಿದರೆ ಬೇಸ್ ಪಾಠ.

ಲಂಡನ್ನಿನ ಸೆಕ್ಸ್ ಪಿಸ್ಟಲ್ಸ್ ತಂಡದಲ್ಲೂ ಗಿಟಾರಿಗೆ ಸ್ಟೀವ್ ಜೋನ್ಸ್ ಒಬ್ಬನೇ. ಆದರೆ 1977ರ ಆಲ್ಬಮ್‌ನಲ್ಲಿ ಅವನು ಸ್ಟುಡಿಯೋದಲ್ಲಿ ಗಿಟಾರಿನ ಮೇಲೆ ಗಿಟಾರ್ ಪೇರಿಸಿದ, ಬೇಸ್‌ನ ಬಹುಪಾಲನ್ನೂ ತಾನೇ ನುಡಿಸಿದ. ಆ ಧ್ವನಿಮುದ್ರಣವನ್ನು ಒಬ್ಬನೇ ಕೂತು ಯಥಾವತ್ತಾಗಿ ನುಡಿಸಹೊರಟವನು ಸೋತರೆ ಅದು ಬೆರಳಿನ ದೋಷವೇನಲ್ಲ.